ಒಂದೇ ಬಣ್ಣದ ಮಣಿಗಳು: ದಾವಣಗೆರೆ ಬಳಿಯ ಬಯೋಗ್ಯಾಸ್ ಘಟಕವೊಂದರ ಪ್ರಕರಣ ಅಧ್ಯಯನ

ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ದಾವಣಗೆರೆ–ಚನ್ನಗಿರಿ ರಸ್ತೆಯ ಬದಿಯಲ್ಲಿರುವ ಬಯೋಗ್ಯಾಸ್ ಘಟಕವೊಂದರ ಯಜಮಾನರು ಫೋನ್ ಮಾಡಿದರು. "ಮೇಷ್ಟ್ರೇ, ಗ್ಯಾಸು ಕೈಕೊಟ್ಟಿದೆ. ಟವರಿನೊಳಗಿನ ಮಣಿಗಳು ಸತ್ತಿವೆ, ಪೂರ್ತಿ ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಸತ್ತಿವೆಯೋ ಬರೀ ಮೂರ್ಛೆ ಹೋಗಿವೆಯೋ, ನೀವೊಮ್ಮೆ ಬಂದು ನೋಡಿ ಹೇಳಿ." ಮೂವತ್ತು ವರ್ಷ ಕೆಮಿಕಲ್ ಎಂಜಿನಿಯರಿಂಗ್ ಪಾಠ ಹೇಳಿದ ನನಗೆ ಸಮಸ್ಯೆಯನ್ನು ಇಷ್ಟು ಅಚ್ಚುಕಟ್ಟಾಗಿ ಯಾರೂ ಮುಂದಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆಯೇ ಹೊರಟೆ.

ಘಟಕ ದೊಡ್ಡದೇನಲ್ಲ. ಸುತ್ತಲ ಹಳ್ಳಿಗಳ ಸಗಣಿ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಕೆಸರು), ಸುಗ್ಗಿಯಲ್ಲಿ ಮೆಕ್ಕೆಜೋಳದ ದಂಟು, ಇವೆಲ್ಲ ತೊಟ್ಟಿಯಲ್ಲಿ ಕೊಳೆತು ಅನಿಲವಾಗುತ್ತವೆ. ಗಂಟೆಗೆ ಸುಮಾರು 50 ಘನ ಮೀಟರ್, ದಿನಕ್ಕೆ ಹದಿನಾರು ಗಂಟೆ. ಹಾಗೆ ಬರುವ ಹಸಿ ಅನಿಲದಲ್ಲಿ ಶೇ. 58ರಷ್ಟು ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಜೊತೆಗೆ ಒಂದಿಷ್ಟು ಹೈಡ್ರೋಜನ್ ಸಲ್ಫೈಡ್ ಮತ್ತು ಬೇಕಾದಷ್ಟು ನೀರಾವಿ. ವಾಹನಕ್ಕೆ ತುಂಬುವ ಇಂಧನವಾಗಿ ಇದನ್ನು ಮಾರಬೇಕಾದರೆ ಭಾರತೀಯ ಮಾನಕದ ಪ್ರಕಾರ ಮೀಥೇನ್ ಕನಿಷ್ಠ ಶೇ. 90 ಇರಬೇಕು. ಮೊದಲೆರಡು ವರ್ಷ ಇವರದು 93ರ ಆಸುಪಾಸಿನಲ್ಲಿತ್ತು. ಮಾರ್ಚ್ ಮೊದಲ ವಾರದಿಂದ ಇಳಿಯುತ್ತ ಇಳಿಯುತ್ತ ನಾನು ಹೋದ ದಿನ 86ಕ್ಕೆ ಬಂದಿತ್ತು. ಕೊಳ್ಳುವವರು ಎರಡು ಲೋಡು ವಾಪಸು ಕಳಿಸಿದ್ದರು.

ಅನಿಲ ಸಾಗುವ ದಾರಿಯನ್ನು ಒಮ್ಮೆ ಹೇಳಿಬಿಡುತ್ತೇನೆ. ತೊಟ್ಟಿಯಿಂದ ಹೊರಟ ಅನಿಲ ಮೊದಲು ಕಬ್ಬಿಣದ ಆಕ್ಸೈಡ್ ತುಂಬಿದ ಡ್ರಮ್ಮಿನ ಮೂಲಕ ಹಾಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲಿ ನಿಲ್ಲುತ್ತದೆ. ಆ ಡ್ರಮ್ಮಿಗೆ ತೇವ ಬೇಕು, ಆದ್ದರಿಂದ ನೀರು ತೆಗೆಯುವ ಕೆಲಸ ಅದರ ನಂತರ. ಮುಂದೆ ಕಂಪ್ರೆಸರ್ ಅನಿಲವನ್ನು 7 ಬಾರ್‌ಗೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಒತ್ತುತ್ತದೆ, ಚಿಲ್ಲರ್ ಅದನ್ನು 5 ಡಿಗ್ರಿಗೆ ತಣಿಸಿ ನೀರನ್ನು ಇಳಿಸುತ್ತದೆ. ಕೊನೆಗೆ ಎರಡು ಉಕ್ಕಿನ ಟವರುಗಳು. ಒಂದೊಂದರಲ್ಲೂ 150 ಕಿಲೋ ಜಿಯೊಲೈಟ್ 13ಎಕ್ಸ್ ಎಂಬ, ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಹರಳಿನ ಮಣಿ. ತಳದಲ್ಲಿ ಒಂದು ಗೇಣು ದಪ್ಪದ, ನೀರು ಹೀರುವ ಅಲ್ಯೂಮಿನಾ ಹಾಸು. ಒಂದು ಟವರ್ ಡೈಆಕ್ಸೈಡನ್ನು ಹಿಡಿಯುತ್ತಿದ್ದಾಗ ಇನ್ನೊಂದನ್ನು ನಿರ್ವಾತ ಪಂಪು ಹೀರಿ ಖಾಲಿ ಮಾಡುತ್ತದೆ. ಎಂಟು ನಿಮಿಷಕ್ಕೊಮ್ಮೆ ಸರದಿ ಬದಲು.

ತಣ್ಣಗಿದ್ದ ತಳ

ಕಾರಣಗಳ ಪಟ್ಟಿ ಆಗಲೇ ಸಿದ್ಧವಾಗಿತ್ತು. ಮಾರಾಟಗಾರರ ಪ್ರಕಾರ ಮಣಿಗಳ ಆಯುಷ್ಯ ಮುಗಿದಿತ್ತು. ಯಜಮಾನರ ಗುಮಾನಿ ಮೆಕ್ಕೆಜೋಳದ ದಂಟಿನ ಮೇಲೆ. ಅವರ ಮಗನಿಗೆ ವಾಲ್ವುಗಳ ಮೇಲೆ ಸಂಶಯ. ದಂಟಿನ ವಿಚಾರ ಹತ್ತು ನಿಮಿಷದಲ್ಲಿ ಮುಗಿಯಿತು: ಹಸಿ ಅನಿಲದ ಮೀಥೇನ್ ಎಂದಿನಂತೆ ಶೇ. 58 ಇತ್ತು. ವಾಲ್ವುಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆವು, ಮುಚ್ಚಿದ ವಾಲ್ವಿನ ಎರಡೂ ಬದಿಯ ಒತ್ತಡ ನೋಡಿದೆವು, ಅವೂ ನಿರಪರಾಧಿಗಳು.

ಸುಳಿವು ಕೊಟ್ಟವರು ಆಪರೇಟರ್. ಐವತ್ತರ ಆಸುಪಾಸಿನ ಹರಿಹರದ ಕಡೆಯವರು, ಮಾತು ಕಡಿಮೆ. ಟವರಿಗೆ ಅಂಗೈ ಒತ್ತಿ, "ಮೊದಲೆಲ್ಲ ಇಲ್ಲಿ ಕೈ ಇಡಲು ಆಗುತ್ತಿರಲಿಲ್ಲ ಸರ್. ಈಗ ನೋಡಿ, ತಣ್ಣಗಿದೆ" ಎಂದರು. ನಾನೂ ಕೈ ಇಟ್ಟೆ. ತಳದಿಂದ ಮೊಣಕಾಲಿನ ಎತ್ತರದವರೆಗೆ ಉಕ್ಕು ತಣ್ಣಗಿತ್ತು. ಅದರ ಮೇಲೆ ಒಮ್ಮೆಲೇ ಬಿಸಿ ಶುರುವಾಗುತ್ತಿತ್ತು, ಸರದಿ ಮುಂದುವರಿದಂತೆ ಮೇಲಕ್ಕೆ ಏರುತ್ತಿತ್ತು.

ಆ ಬಿಸಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ. ಅನಿಲದ ಅಣುವೊಂದು ಗಟ್ಟಿ ವಸ್ತುವಿನ ಮೈಗೆ ಅಂಟಿಕೊಂಡಾಗ ಶಾಖ ಬಿಡುತ್ತದೆ. 13ಎಕ್ಸ್‌ಗೆ ಅಂಟುವ ಡೈಆಕ್ಸೈಡ್ ಪ್ರತಿ ಮೋಲ್‌ಗೆ (ಅಣುಗಳ ಒಂದು ನಿಗದಿತ ಎಣಿಕೆ) ಸುಮಾರು 40ರಿಂದ 45 ಕಿಲೋಜೂಲ್ ಬಿಟ್ಟರೆ, ಮೀಥೇನ್ ಅದರ ಅರ್ಧದಷ್ಟು. ಅಂದರೆ ಟವರಿನ ಬಿಸಿ ಪಟ್ಟಿ ಎಂದರೆ ಡೈಆಕ್ಸೈಡ್ ಹಿಡಿಯುತ್ತಿರುವ ಜಾಗ. ತಣ್ಣಗಿರುವ ಭಾಗ ಏನನ್ನೂ ಹಿಡಿಯುತ್ತಿಲ್ಲ. ಅನಿಲ ಒಳಬರುವುದು ತಳದಿಂದ. ಹಾಗಿದ್ದರೆ ಅನಿಲವನ್ನು ಮೊದಲು ಎದುರುಗೊಳ್ಳಬೇಕಾದ ಮಣಿಗಳೇ ಕೆಲಸ ನಿಲ್ಲಿಸಿದ್ದವು. ವಯಸ್ಸಾಗಿ ಸತ್ತಿದ್ದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆಯಲ್ಲಿ ಸಾಯಬೇಕಿತ್ತು, ಅಲ್ಲವೇ?

ಮರುದಿನ ಟವರನ್ನು ನಿಲ್ಲಿಸಿ, ಒಳಗಿನ ಅನಿಲವನ್ನು ಸಂಪೂರ್ಣವಾಗಿ ಹೊರಹಾಕಿ, ಮೇಲಿನ ಮತ್ತು ಕೆಳಗಿನ ಬಾಯಿಗಳಿಂದ ಒಂದೊಂದು ಲೋಟ ಮಣಿ ತೆಗೆಸಿದೆ. ನೋಡಲು ಎರಡೂ ಒಂದೇ: ಸಬ್ಬಕ್ಕಿಯಂಥ ಗಾತ್ರ, ಮಾಸಲು ಬಿಳಿ ಬಣ್ಣ. ಚಹಾ ತಂದ ಸ್ಟೀಲ್ ತಟ್ಟೆಯ ಎರಡು ಬದಿಗೆ ಎರಡು ಗುಪ್ಪೆ ಮಾಡಿ ಚಮಚದಲ್ಲಿ ನೀರು ಹನಿಸಿದೆ. ಮೇಲಿನ ಬಾಯಿಯ ಮಣಿಗಳು ಚಿಟಪಟ ಸದ್ದು ಮಾಡಿ ಕ್ಷಣದಲ್ಲಿ ತಟ್ಟೆಯನ್ನು ಸುಡುವಷ್ಟು ಬಿಸಿ ಮಾಡಿದವು. ಯಜಮಾನರು ಮುಟ್ಟಿ ಬೆರಳು ಹಿಂದೆಗೆದುಕೊಂಡರು. ಕೆಳಗಿನ ಮಣಿಗಳ ಮೇಲೆ ನೀರು ಸುಮ್ಮನೆ ನಿಂತಿತು. ಅವುಗಳ ಹೊಟ್ಟೆ ಆಗಲೇ ತುಂಬಿತ್ತು. ಕಾಲೇಜಿಗೆ ತಂದು ಕುಲುಮೆಯಲ್ಲಿ ನಿಧಾನವಾಗಿ 350 ಡಿಗ್ರಿಗೆ ಕಾಯಿಸಿ ತೂಗಿದಾಗ ಕೆಳಗಿನ ಮಣಿಗಳು ತೂಕದ ಐದನೇ ಒಂದು ಭಾಗ ಕಳೆದುಕೊಂಡವು, ಮೇಲಿನವು ಇಪ್ಪತ್ತರಲ್ಲಿ ಒಂದು ಭಾಗ. ಕಾದ ನಂತರ ಕೆಳಗಿನವೂ ನೀರಿಗೆ ಚಿಟಪಟ ಎಂದವು.

ಮೂರ್ಛೆ, ಸಾವಲ್ಲ.

ಜಿಯೊಲೈಟ್ ಎಂಬ ಹೆಸರು ಹುಟ್ಟಿದ್ದೂ ಇಂಥ ಕಾಯಿಸುವಿಕೆಯಿಂದಲೇ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರಾನ್‌ಸ್ಟೆಟ್ ಒಂದು ಹರಳನ್ನು ಉರಿಗೆ ಹಿಡಿದಾಗ ಅದು ಕುದಿದಂತೆ ಆವಿ ಬಿಟ್ಟಿತು. ಗ್ರೀಕ್ ಭಾಷೆಯಲ್ಲಿ 'ಕುದಿಯುವ ಕಲ್ಲು' ಎಂದು ಹೆಸರಿಟ್ಟ. ನಮ್ಮ ಚಿತ್ರದುರ್ಗದ ಬಂಡೆಗಳಲ್ಲಿ ಇದನ್ನು ಹುಡುಕುವವರಿಗೆ ನಿರಾಶೆ ಕಾದಿದೆ. ಒಳ್ಳೆಯ ಜಿಯೊಲೈಟ್ ಹರಳುಗಳು ಬೇಕಾದರೆ ಮಹಾರಾಷ್ಟ್ರದ ಕಪ್ಪು ಲಾವಾ ಕಲ್ಲಿನ ಪೊಟರೆಗಳಿಗೆ ಹೋಗಬೇಕು. ಟವರಿನಲ್ಲಿರುವುದು ಕಾರ್ಖಾನೆಯಲ್ಲಿ ಬೆಳೆಸಿದ ಹರಳು. 1950ರ ಸುಮಾರಿಗೆ ಅಮೆರಿಕದ ಯೂನಿಯನ್ ಕಾರ್ಬೈಡ್‌ನಲ್ಲಿ ರಾಬರ್ಟ್ ಮಿಲ್ಟನ್ ಮತ್ತು ಸಂಗಡಿಗರು 'ಎ' ಮತ್ತು 'ಎಕ್ಸ್' ಎಂಬ ಎರಡು ಜಾತಿಗಳನ್ನು ಮೊದಲು ಬೆಳೆಸಿದರು. ಈ ಎರಡು ಅಕ್ಷರಗಳ ನಡುವಿನ ವ್ಯತ್ಯಾಸವೇ ನಮ್ಮ ಪ್ರಕರಣದ ಒಳಗುಟ್ಟು.

ಡಿಸ್ಟಿಲರಿಯಿಂದ ಬಂದ ಜ್ಞಾನ

ನೀರು ಹೇಗೆ ಬಂತು? ಚಿಲ್ಲರ್ ಹತ್ತಿರ ಹೋದೆವು. ಅದು ಓಡುತ್ತಲೇ ಇರಲಿಲ್ಲ. ಪಕ್ಕದ ಕಣದಿಂದ ಹಾರಿ ಬಂದ ಮೆಕ್ಕೆಜೋಳದ ಹೊಟ್ಟು ಅದರ ಶಾಖ ಹೊರಹಾಕುವ ಕಂಡೆನ್ಸರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿತ್ತು. ಫೆಬ್ರವರಿ ಕೊನೆಯ ಬಿಸಿಲಿಗೆ ಚಿಲ್ಲರ್ ಪದೇ ಪದೇ ಟ್ರಿಪ್ ಆಗಿದೆ. ಆಪರೇಟರ್ ಎರಡು ವಾಲ್ವು ತಿರುಗಿಸಿ ಅನಿಲವನ್ನು ಬೈಪಾಸ್ ಮೂಲಕ ನೇರ ಟವರಿಗೆ ಬಿಟ್ಟಿದ್ದರು. ಯಜಮಾನರು ಸಿಟ್ಟಾದರು. ಆಪರೇಟರ್ ಹೆದರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದರು: "ನೀರು ಹೀರುವುದೇ ಈ ಸೀವ್‌ನ ಕೆಲಸ ಅಲ್ಲವೇ ಸರ್? ಹನ್ನೊಂದು ವರ್ಷ ಅದನ್ನೇ ನೋಡಿದ್ದೇನೆ."

ಅವರು ಮೊದಲಿದ್ದದ್ದು ಡಿಸ್ಟಿಲರಿಯಲ್ಲಿ. ಅಲ್ಲಿ ಎಥೆನಾಲ್‌ ಅನ್ನು ಎಷ್ಟು ಬಟ್ಟಿ ಇಳಿಸಿದರೂ ತೂಕದಲ್ಲಿ ಶೇ. 95.6ರ ಮೇಲೆ ಹೋಗುವುದಿಲ್ಲ. ಉಳಿದ ನೀರನ್ನು ಮಾಲಿಕ್ಯುಲರ್ ಸೀವ್ (ಅಣುಗಳ ಜರಡಿ) ತೆಗೆಯುತ್ತದೆ. ಅದೂ ಟವರು, ಅದೂ ಜಿಯೊಲೈಟ್, ಅದೂ ಸಬ್ಬಕ್ಕಿ ಗಾತ್ರದ ಮಾಸಲು ಬಿಳಿ ಮಣಿ. ಆದರೆ ಅದು 3ಎ. ಒಂದು ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಪಾಲನ್ನು ಒಂದು ಆಂಗ್‌ಸ್ಟ್ರಾಂ ಎನ್ನುತ್ತೇವೆ. 3ಎ ಹರಳಿನ ಕಿಟಕಿ ಸುಮಾರು 3 ಆಂಗ್‌ಸ್ಟ್ರಾಂ. ನೀರಿನ ಅಣು 2.65, ಒಳಗೆ ತೂರುತ್ತದೆ. ಎಥೆನಾಲ್ 4ಕ್ಕಿಂತ ಹೆಚ್ಚು, ಹೊರಗೇ ಉಳಿಯುತ್ತದೆ. ಅದು ಅಕ್ಷರಶಃ ಜರಡಿ. ಜೊತೆಗೆ ಅಲ್ಲಿ ಟವರು ನೂರು ಡಿಗ್ರಿ ದಾಟಿದ ಬಿಸಿ ಆವಿಯಲ್ಲೇ ಇರುತ್ತದೆ, ನಿರ್ವಾತ ಹಾಕಿದೊಡನೆ ನೀರು ಬಿಟ್ಟುಕೊಡುತ್ತದೆ. ಅದೇ ನೀರು, ಅದೇ ಹೆಸರಿನ ಸೀವ್, ಅಲ್ಲಿ ಏನೂ ತೊಂದರೆಯಿಲ್ಲ. ಆಪರೇಟರ್ ತಪ್ಪು ಮಾಡಿದ್ದು ಅಜ್ಞಾನದಿಂದಲ್ಲ, ಬೇರೊಂದು ಕಡೆಯ ಸರಿಯಾದ ಜ್ಞಾನದಿಂದ. ನನ್ನ ಪ್ರಕಾರ ತಪ್ಪಿನ ದೊಡ್ಡ ಪಾಲು 'ಸೀವ್' ಎಂಬ ಹೆಸರಿನದು. ಎರಡೂ ಬಗೆಯ ಮಣಿ ತುಂಬಿ ಬರುವ ಡ್ರಮ್ಮಿನ ಮೇಲೆ ಅದನ್ನೇ ಅಚ್ಚು ಹಾಕಿರುತ್ತಾರೆ.

ಕಂಪ್ರೆಸರ್ ಕೋಣೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. 3ಎ ಎಂದರೆ ದುರ್ಗದ ಕೋಟೆಯಲ್ಲಿ ಒಬ್ಬೊಬ್ಬರೇ ತೆವಳಿ ಬರಬೇಕಾದ ಓಬವ್ವನ ಕಿಂಡಿ. 13ಎಕ್ಸ್‌ನ ಕಿಟಕಿಯಾದರೋ 7.4 ಆಂಗ್‌ಸ್ಟ್ರಾಂ, ಒಳಗಿನ ಕೋಣೆ ಇನ್ನೂ ದೊಡ್ಡದು. ಡೈಆಕ್ಸೈಡ್ 3.3, ಮೀಥೇನ್ 3.8, ಇಬ್ಬರೂ ಕೈಬೀಸಿಕೊಂಡು ನಡೆದು ಹೋಗಬಹುದಾದ ಅಗಸೆ ಬಾಗಿಲು ಅದು. ಬೇರ್ಪಡುವುದು ಬಾಗಿಲಲ್ಲಿ ಅಲ್ಲ, ಒಳಗೆ ಹೋದ ಮೇಲೆ. ಬೆಣ್ಣೆ ದೋಸೆ ಹೋಟೆಲಿಗೆ ಎಲ್ಲರೂ ನುಗ್ಗುತ್ತಾರೆ. ದೋಸೆ ಸಿಕ್ಕವನು ಕೂರುತ್ತಾನೆ, ಸಿಗದವನು ಹಿಂದಿನ ಬಾಗಿಲಿಂದ ಹೊರಟುಹೋಗುತ್ತಾನೆ.

ಇಲ್ಲಿ ದೋಸೆ ಯಾವುದು? ಜಿಯೊಲೈಟ್‌ನ ಚೌಕಟ್ಟು ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ್ದು. ಸಿಲಿಕಾನ್ ಇರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಕೂತ ಕಡೆಯಲ್ಲೆಲ್ಲ ಒಂದು ಋಣ ವಿದ್ಯುದಂಶ ಉಳಿಯುತ್ತದೆ, ಅದನ್ನು ಸರಿದೂಗಿಸಲು ಕೋಣೆಯೊಳಗೆ ಒಂದು ಸೋಡಿಯಂ ಅಯಾನು ಬಂದು ನಿಲ್ಲುತ್ತದೆ. ಡೈಆಕ್ಸೈಡ್ ಅಣು ಒಟ್ಟಾರೆ ತಟಸ್ಥವಾದರೂ ಅದರ ತುದಿಗಳಲ್ಲಿ ಋಣ, ನಡುವೆ ಧನ. ತುದಿ ಸೋಡಿಯಂ ಕಡೆಗೆ ತಿರುಗಿ ಅಂಟಿಕೊಳ್ಳುತ್ತದೆ. ಮೀಥೇನ್ ಎತ್ತ ತಿರುಗಿದರೂ ಒಂದೇ ಮುಖದ ಉಂಡೆ, ಸೋಡಿಯಂಗೆ ಅದರಲ್ಲಿ ಆಸಕ್ತಿಯಿಲ್ಲ. ನೀರಿನ ಅಣುವಿಗೋ ಸ್ಪಷ್ಟ ಧ್ರುವಗಳಿವೆ. ಅದು ಬಂದರೆ ಸೋಡಿಯಂ ಡೈಆಕ್ಸೈಡನ್ನು ಎಬ್ಬಿಸಿ ನೀರನ್ನು ಕೂರಿಸುತ್ತದೆ, ನಿರ್ವಾತ ಪಂಪು ಎಷ್ಟು ಎಳೆದರೂ ಸುಲಭಕ್ಕೆ ಬಿಡುವುದಿಲ್ಲ. 13ಎಕ್ಸ್ ಗಾಳಿಯ ಆರ್ದ್ರತೆ ಶೇ. 1–2 ಇರುವಾಗಲೇ ನೀರಿಗಾಗಿ ಇರುವ ಜಾಗದ ಬಹುಪಾಲನ್ನು ತುಂಬಿಕೊಂಡುಬಿಡುತ್ತದೆ.

ಹಲಗೆಯ ಉಳಿದರ್ಧದಲ್ಲಿ ಲೆಕ್ಕ ಮಾಡಿದೆವು. 40 ಡಿಗ್ರಿಯ ತೇವಪೂರ್ಣ ಅನಿಲ ಘನ ಮೀಟರಿಗೆ 51 ಗ್ರಾಂ ನೀರು ಹೊರುತ್ತದೆ. 7 ಬಾರ್‌ಗೆ ಒತ್ತಿ ಅದೇ 40 ಡಿಗ್ರಿಗೆ ಆರಿಸಿದರೆ ಏಳು ಘನ ಮೀಟರು ಒಂದಾಗುತ್ತದೆ. ಹಾಗಾಗಿ ಮೂಲದ ಪ್ರತಿ ಘನ ಮೀಟರಿಗೆ 7 ಗ್ರಾಂ ಉಳಿಯುತ್ತದೆ. ಚಿಲ್ಲರ್ ಇದ್ದು 5 ಡಿಗ್ರಿಗೆ ಇಳಿಸಿದ್ದರೆ ಉಳಿಯುತ್ತಿದ್ದದ್ದು 1 ಗ್ರಾಂ. ತಳದ ಅಲ್ಯೂಮಿನಾ ಹಾಸನ್ನು ಆ ಒಂದು ಗ್ರಾಂಗೆಂದು ಹಾಕಿದ್ದರು, ಅದು ಪ್ರತಿ ಸರದಿಯಲ್ಲೂ ಹಿಡಿದು ಬಿಟ್ಟುಕೊಂಡಿರುತ್ತಿತ್ತು. ಏಳು ಗ್ರಾಂ ಎಂದರೆ ದಿನಕ್ಕೆ ಐದೂವರೆ ಕಿಲೋ ನೀರು. ಎರಡೂ ಟವರಿನ 300 ಕಿಲೋ ಮಣಿ ತೂಕದ ಕಾಲುಭಾಗದಷ್ಟು ನೀರು ಹಿಡಿಯುತ್ತದೆ ಎಂದುಕೊಂಡರೂ ಎರಡು ವಾರದಲ್ಲಿ ಎಲ್ಲ ಮುಗಿಯಬೇಕಿತ್ತು. ಅಲ್ಯೂಮಿನಾ ಒಂದಿಷ್ಟು ವಾಪಸು ಕೊಡುತ್ತಿದ್ದುದರಿಂದ ಐದಾರು ವಾರ ಎಳೆಯಿತು. ಆಪರೇಟರ್ ಹಲಗೆಯನ್ನು ಬಹಳ ಹೊತ್ತು ನೋಡಿ, "ಐದೂವರೆ ಕಿಲೋ ಎಂದರೆ ಒಂದು ಸಣ್ಣ ಕೊಡ ಸರ್. ದಿನಾ ಒಂದು ಕೊಡ ನೀರನ್ನು ನಾನೇ ಸುರಿದಂತಾಯಿತು" ಎಂದರು.

ದುರಸ್ತಿಯ ಭಾಗದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಂಡೆನ್ಸರ್ ತೊಳೆಸಿ ಅದರ ಮುಂದೆ ಸೊಳ್ಳೆ ಪರದೆಯ ಬಲೆ ಕಟ್ಟಿಸಿದರು. ಬೈಪಾಸ್ ವಾಲ್ವಿಗೆ ಬೀಗ ಬಿತ್ತು. ತಳದ ಮೂರನೇ ಒಂದು ಭಾಗದ ಮಣಿಗಳನ್ನು ತೆಗೆದು ಹೊಸದು ತುಂಬಿದರು, ಮೇಲಿನವು ಹಾಗೇ ಉಳಿದವು. ತೆಗೆದ ಮಣಿಗಳನ್ನು ಮಂಡಕ್ಕಿ ಭಟ್ಟಿಯಲ್ಲಿ ಹುರಿದುಬಿಡೋಣವೇ ಎಂದು ಯಜಮಾನರು ಕೇಳಿದ್ದನ್ನು ಮಾತ್ರ ದಾಖಲಿಸಬೇಕು. ದಾವಣಗೆರೆಯವರಿಗೆ ತಕ್ಷಣ ಹೊಳೆಯುವ ಉಪಾಯವೇ ಅದು. ಬೇಡವೆಂದೆ. ನೀರು ತುಂಬಿದ ಜಿಯೊಲೈಟನ್ನು ಒಮ್ಮೆಲೇ ಕಾಯಿಸಿದರೆ ಒಳಗಿನ ಆವಿ ಹೊರಬರುವ ರಭಸಕ್ಕೆ ಮಣಿ ಸಿಡಿಯುತ್ತದೆ. ಬಿಸಿ ಮತ್ತು ಹಬೆ ಎರಡೂ ಸೇರಿದರೆ ಹರಳಿನ ಚೌಕಟ್ಟೇ ಕುಸಿಯಬಹುದು. ಒಣ ಅನಿಲ ಹಾಯಿಸುತ್ತ ಗಂಟೆಗಟ್ಟಲೆ ನಿಧಾನವಾಗಿ ಏರಿಸಬೇಕು. ಮಂಡಕ್ಕಿ ಅರಳಬೇಕು, ಮಣಿ ಅರಳಬಾರದು.

ಜೂನ್ ಹೊತ್ತಿಗೆ ಮೀಥೇನ್ ಮತ್ತೆ 92 ದಾಟಿತು.

ನೀರಿಗೆ ಹೆದರದ ಹರಳು ಇಲ್ಲವೇ?

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. 2025ರ ಅಕ್ಟೋಬರ್ 8ರಂದು ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸುಸುಮು ಕಿತಾಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಗಿ ಅವರಿಗೆ ಘೋಷಣೆಯಾಯಿತು. ಲೋಹ-ಸಾವಯವ ಚೌಕಟ್ಟುಗಳಿಗೆ, ಅಂದರೆ ಎಂಒಎಫ್‌ಗಳಿಗೆ. ಲೋಹದ ಅಯಾನುಗಳನ್ನು ಗಂಟುಗಳಾಗಿ, ಇಂಗಾಲದ ಅಣುಗಳನ್ನು ತೊಲೆಗಳಾಗಿ ಇಟ್ಟು ಕಟ್ಟಿದ ಹರಳು. ತೊಲೆ ಉದ್ದ ಮಾಡಿದರೆ ಕೋಣೆ ದೊಡ್ಡದು, ಗಂಟು ಬದಲಿಸಿದರೆ ಹಿಡಿತ ಬೇರೆ. ರಾಬ್ಸನ್ 1989ರಲ್ಲಿ ದಾರಿ ತೋರಿಸಿದರು, ಕಿತಾಗಾವಾ 1997ರಲ್ಲಿ ಇಂಥ ಹರಳಿನೊಳಕ್ಕೆ ಅನಿಲ ಹೋಗಿ ಬರುವುದನ್ನು ತೋರಿಸಿದರು, ಯಾಗಿ 1999ರಲ್ಲಿ ಪ್ರಸಿದ್ಧ ಎಂಒಎಫ್-5 ಕಟ್ಟಿದರು. ಮರುದಿನ ಬೆಳಿಗ್ಗೆ ನಮ್ಮ ಸಂಶೋಧನಾ ವಿದ್ಯಾರ್ಥಿನಿ ನನ್ನ ಕೋಣೆಯ ಬಾಗಿಲಲ್ಲಿದ್ದಳು. "ಸರ್, ಆ ಬಯೋಗ್ಯಾಸ್ ಟವರಿಗೆ ಎಂಒಎಫ್ ಹಾಕಿದರೆ ಚಿಲ್ಲರೇ ಬೇಡವಲ್ಲ?"

ಅವಳ ಕೈಯಲ್ಲಿ ಆಗಲೇ ಒಂದು ಅಭ್ಯರ್ಥಿ ಇತ್ತು: ಮೆಗ್ನೀಸಿಯಂ ಎಂಒಎಫ್-74. ಒಂದು ಬಾರ್ ಒತ್ತಡದಲ್ಲಿ ಗ್ರಾಂಗೆ 8 ಮಿಲಿಮೋಲ್ ಹತ್ತಿರ ಡೈಆಕ್ಸೈಡ್ ಹಿಡಿಯುತ್ತದೆ. 13ಎಕ್ಸ್ ಹಿಡಿಯುವುದು 5ರ ಹತ್ತಿರ. ಈ ಒಂದು ಅಂಕಿಗೆ ಮರುಳಾದವರು ಬಹಳ ಜನ, ನಾನೂ ಒಬ್ಬ. ಆದರೆ 2011ರಲ್ಲಿ ಅಮೆರಿಕದ ಸಂಶೋಧಕರು ಈ ಹರಳನ್ನು ಶೇ. 70 ಆರ್ದ್ರತೆಗೆ ಒಡ್ಡಿ, ಮತ್ತೆ ಕಾಯಿಸಿ ಅಳೆದಾಗ ಮೊದಲಿನ ಸಾಮರ್ಥ್ಯದ ಶೇ. 16ರಷ್ಟು ಮಾತ್ರ ಉಳಿದಿತ್ತು. ಇದಕ್ಕೆ ಬಂದದ್ದು ಮೂರ್ಛೆಯಲ್ಲ. ಎಂಒಎಫ್-5 ಕೂಡ ಗಾಳಿಯ ತೇವಕ್ಕೇ ಕೆಡುವ ಹರಳು.

ಎಷ್ಟು ಹಿಡಿಯುತ್ತದೆ ಎಂದು ಕೇಳಬೇಡ, ಹಿಡಿದದ್ದರಲ್ಲಿ ಎಷ್ಟನ್ನು ಬಿಡುತ್ತದೆ ಎಂದು ಕೇಳು ಎಂದೆ. 13ಎಕ್ಸ್ ಒಂದು ಬಾರ್‌ನಲ್ಲಿ ಹಿಡಿದದ್ದರಲ್ಲಿ ಸುಮಾರು ಅರ್ಧವನ್ನು ಒತ್ತಡ 0.1 ಬಾರ್‌ಗೆ ಇಳಿದರೂ ಬಿಡುವುದಿಲ್ಲ. ಆ ಅರ್ಧ ಟವರಿನಲ್ಲಿ ಸುಮ್ಮನೆ ಬಾಡಿಗೆ ಕೊಡದೆ ಕೂತ ಸಾಮಾನು. ಕೆಲಸಕ್ಕೆ ಬರುವುದು ಹೋಗಿ ಬರುವ ಭಾಗ ಮಾತ್ರ. ನಮ್ಮ ಘಟಕದಲ್ಲಿ 7 ಬಾರ್ ಅನಿಲದ ಶೇ. 42 ಡೈಆಕ್ಸೈಡ್, ಅದರ ಪಾಲಿನ ಒತ್ತಡವೇ 2.9 ಬಾರ್. ಅಷ್ಟು ಒತ್ತಡ ಕೈಯಲ್ಲಿರುವಾಗ ಗಟ್ಟಿಯಾಗಿ ತಬ್ಬುವ ವಸ್ತು ಬೇಕಿಲ್ಲ, ಮೆಲ್ಲಗೆ ಹಿಡಿದು ಒತ್ತಡ ಇಳಿಸಿದೊಡನೆ ಬಿಡುವಂಥದ್ದು ಸಾಕು. ನಿರ್ವಾತ ಪಂಪಿನ ವಿದ್ಯುತ್ತೂ ಉಳಿಯಬಹುದು. ಕಾರ್ಖಾನೆಯ ಹೊಗೆಯಂತೆ ಡೈಆಕ್ಸೈಡ್ ತೆಳುವಾಗಿರುವ ಕಡೆ ಲೆಕ್ಕ ಬೇರೆ. ಹರಳಿನ ವಿನ್ಯಾಸವನ್ನು ಅದು ಯಾವ ಒತ್ತಡದ ಕೊಳವೆಗೆ ಹೋಗುತ್ತದೆ ಎಂದು ತಿಳಿಯದೆ ಮಾಡುವುದು, ಪಾದದ ಅಳತೆಯಿಲ್ಲದೆ ಚಪ್ಪಲಿ ಹೊಲಿದಂತೆ.

ಎರಡನೇ ಸುತ್ತಿನಲ್ಲಿ ಅವಳು ತಂದದ್ದು ಅಲ್ಯೂಮಿನಿಯಂ ಫ್ಯೂಮರೇಟ್. ಇದು ಹೆಸರು ಗಿಟ್ಟಿಸಿದ ಎಂಒಎಫ್ ಅಲ್ಲ, ಆದರೆ ನನಗೆ ಕೂಡಲೇ ಹಿಡಿಸಿತು. ಅಲ್ಯೂಮಿನಿಯಂ ಸಲ್ಫೇಟ್ ನೀರು ಶುದ್ಧೀಕರಣ ಘಟಕಗಳಲ್ಲಿ ಮೂಟೆಗಟ್ಟಲೆ ಬಳಸುವ ವಸ್ತು, ಫ್ಯೂಮರಿಕ್ ಆಮ್ಲವನ್ನು ತಿಂಡಿಗಳಲ್ಲಿ ಹುಳಿಗಾಗಿ ಹಾಕುತ್ತಾರೆ. ಎರಡನ್ನೂ ನೀರಿನಲ್ಲೇ, ಸ್ನಾನದ ನೀರಿಗಿಂತ ತುಸು ಹೆಚ್ಚಿನ ಬಿಸಿಯಲ್ಲಿ ಕೂಡಿಸಿದರೆ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ. ದುಬಾರಿ ದ್ರಾವಕಗಳ ರಗಳೆಯಿಲ್ಲ. ಡೈಆಕ್ಸೈಡ್ ಹಿಡಿಯುವುದು ಒಂದು ಬಾರ್‌ನಲ್ಲಿ ಗ್ರಾಂಗೆ 2 ಮಿಲಿಮೋಲ್ ಅಷ್ಟೇ. ಹಿಡಿತ ಸಡಿಲ. ಮತ್ತು ನೀರಿನಲ್ಲಿ ಹುಟ್ಟಿದ್ದಕ್ಕೆ ನೀರಿನಲ್ಲಿ ಕರಗುವ ಭಯವಿಲ್ಲ.

"ಹಾಗಾದರೆ ಚಿಲ್ಲರ್ ಬೇಡ" ಎಂದಳು. ಇಲ್ಲಿ ಮತ್ತೆ ಒಂದು ಹೆಸರು ಮೋಸ ಮಾಡಿತು. ಲೇಖನಗಳಲ್ಲಿ 'ನೀರಿಗೆ ಸ್ಥಿರ' ಎಂದು ಬರೆದಿರುತ್ತಾರೆ. ನೀರು ಬಂದರೆ ಮನೆ ಬೀಳುವುದಿಲ್ಲ ಎಂದು ಅದರ ಅರ್ಥ. ನೀರು ಮನೆಯೊಳಕ್ಕೆ ಬರುವುದಿಲ್ಲ ಎಂದಲ್ಲ. ಅಲ್ಯೂಮಿನಿಯಂ ಫ್ಯೂಮರೇಟ್ ಆರ್ದ್ರತೆ ಶೇ. 25ರ ಆಸುಪಾಸು ತಲುಪುವವರೆಗೆ ನೀರನ್ನು ಹೆಚ್ಚಾಗಿ ಮುಟ್ಟುವುದಿಲ್ಲ, ಅಲ್ಲಿಂದಾಚೆಗೆ ಒಮ್ಮೆಲೇ ಕುಡಿಯುತ್ತದೆ. ನೀರು ತುಂಬಿದ ಕೋಣೆಯಲ್ಲಿ ಡೈಆಕ್ಸೈಡ್‌ಗೆ ಜಾಗವಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ರೂಪುಗೊಂಡ ಕ್ಯಾಲ್ಫ್-20 ಎಂಬ ಸತುವಿನ ಎಂಒಎಫ್ ಇನ್ನೂ ಗಟ್ಟಿಗ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ. 40 ಆರ್ದ್ರತೆಯವರೆಗೂ ಅದು ನೀರಿಗಿಂತ ಡೈಆಕ್ಸೈಡನ್ನೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಕಾರ್ಖಾನೆಯ ಹೊಗೆಗೂ ಅದನ್ನು ಒಡ್ಡಿ ನೋಡಿದ್ದಾರೆ. ಅದಕ್ಕೂ ಒಂದು ಗೆರೆ ಇದೆ. ಬೈಪಾಸಿನಲ್ಲಿ ಬಂದ ನಮ್ಮ ಅನಿಲದ ಆರ್ದ್ರತೆ ಶೇ. 100.

ಈಗ ಹಳೆಯ ಹಲಗೆಯ ಲೆಕ್ಕಕ್ಕೆ ವಾಪಸು ಬಂದೆವು, ನನಗೂ ಹೊಸದಾಗಿ ಕಂಡದ್ದು ಅಲ್ಲೇ. ಚಿಲ್ಲರಿನಲ್ಲಿ 5 ಡಿಗ್ರಿಗೆ ಇಳಿದ ಅನಿಲದಲ್ಲಿ ಒತ್ತಿದ ಪ್ರತಿ ಘನ ಮೀಟರಿಗೆ 6.8 ಗ್ರಾಂ ನೀರು (ಮೂಲದ ಘನ ಮೀಟರಿನ ಲೆಕ್ಕದಲ್ಲಿ ಅದೇ 1 ಗ್ರಾಂ) ಉಳಿದಿರುತ್ತದೆ. ಅದು ಟವರಿಗೆ ಬರುವ ಹೊತ್ತಿಗೆ ಮತ್ತೆ 40 ಡಿಗ್ರಿಗೆ ಏರಿರುತ್ತದೆ. 40 ಡಿಗ್ರಿಯಲ್ಲಿ ಹಿಡಿಸುವುದು 51 ಗ್ರಾಂ. 6.8ನ್ನು 51ರಿಂದ ಭಾಗಿಸಿದರೆ ಶೇ. 13. ಈ ಹದಿಮೂರು 13ಎಕ್ಸ್‌ಗೆ ಪ್ರವಾಹ; ಅಲ್ಯೂಮಿನಾ ಹಾಸು ಅಡ್ಡ ನಿಂತು ಉಳಿಸಬೇಕು. ಫ್ಯೂಮರೇಟ್‌ಗೂ ಕ್ಯಾಲ್ಫ್-20ಕ್ಕೂ ಅದು ಒಣ ಹವೆ. ಅಂದರೆ ಎಂಒಎಫ್ ಬಂದರೆ ಚಿಲ್ಲರ್ ಹೋಗುವುದಿಲ್ಲ, ಆದರೆ ಆ ಸಾಮಾನ್ಯ ಚಿಲ್ಲರೇ ಸಾಕಾಗುತ್ತದೆ. ಅದು ಒಂದು ದಿನ ಕೆಟ್ಟರೂ ಟವರು ಹಾಳಾಗುವುದಿಲ್ಲ.

ಪರೀಕ್ಷಿಸಿ ನೋಡುವುದೆಂದು ತೀರ್ಮಾನಿಸಿದೆವು. ಪುಡಿಯನ್ನು ಹಾಗೇ ಕೊಳವೆಗೆ ತುಂಬುವಂತಿಲ್ಲ, ಅನಿಲ ನುಗ್ಗಲು ದಾರಿಯಿರುವುದಿಲ್ಲ. ಮಣಿ ಮಾಡುವ ಯಂತ್ರ ನಮ್ಮಲ್ಲಿಲ್ಲ. ವಿದ್ಯಾರ್ಥಿನಿ ಅಂಟು ಬೆರೆಸಿ ಹಿಟ್ಟಿನಂತೆ ನಾದಿ, ಸೇವಿನ ಬಿಲ್ಲೆ ಹಾಕಿದ ಚಕ್ಕುಲಿ ಒರಳಿನಲ್ಲಿ ಒತ್ತಿದಳು. ಹೊಸ ಒರಳು, ಅಡುಗೆಮನೆಗೆ ಮತ್ತೆ ಹೋಗಲಿಲ್ಲ ಎಂಬುದನ್ನು ಅವಳ ತಾಯಿಯ ಸಮಾಧಾನಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಣಗಿದ ಎಳೆಗಳನ್ನು ಮುರಿದು 40 ಗ್ರಾಂ ಒಂದು ಉಕ್ಕಿನ ಕೊಳವೆಗೆ ತುಂಬಿದೆವು, ಪಕ್ಕದ ಕೊಳವೆಗೆ ಅಷ್ಟೇ ತೂಕದ 13ಎಕ್ಸ್. ಎರಡನ್ನೂ ಚಿಲ್ಲರಿನ ನಂತರದ ಪೈಪಿಗೆ ಕವಲು ಹಾಕಿ ಜೋಡಿಸಿದೆವು, ಅಲ್ಯೂಮಿನಾ ಇಲ್ಲದೆ, ನಿರ್ವಾತ ಇಲ್ಲದೆ, ಬರೀ ಒತ್ತಡ ಏರಿಸಿ ಇಳಿಸಿ.

ಮೊದಲ ದಿನ 13ಎಕ್ಸ್ ಸುಲಭವಾಗಿ ಗೆದ್ದಿತು. ಫ್ಯೂಮರೇಟ್ ಕೊಳವೆಯ ಆಚೆ ತುದಿಯಲ್ಲಿ ಡೈಆಕ್ಸೈಡ್ ಹಿಡಿತಕ್ಕೆ ಸಿಗದೆ ಬೇಗ ಹೊರಬಂತು. ಸುಮಾರು ಇನ್ನೂರು ಸರದಿ ಕಳೆಯುವಷ್ಟರಲ್ಲಿ 13ಎಕ್ಸ್ ಪ್ರತಿದಿನ ಸ್ವಲ್ಪ ಸ್ವಲ್ಪ ಸೋಲುತ್ತ ಫ್ಯೂಮರೇಟ್‌ಗಿಂತ ಕೆಳಗಿಳಿಯಿತು. ಫ್ಯೂಮರೇಟ್ ಇದ್ದಲ್ಲೇ ಇತ್ತು. ನಂತರ ಬೇಕೆಂದೇ ಚಿಲ್ಲರ್ ಬಿಟ್ಟು ಒಂದು ದಿನ ತೇವದ ಅನಿಲ ಕೊಟ್ಟೆವು. ಎರಡೂ ಮಲಗಿದವು. ರಾತ್ರಿಯಿಡೀ 80 ಡಿಗ್ರಿಯ ಒಣ ಅನಿಲ ಹಾಯಿಸಿದ ಮೇಲೆ ಫ್ಯೂಮರೇಟ್ ಎದ್ದಿತು. 13ಎಕ್ಸ್ ಏಳಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅಪ್ರಾಮಾಣಿಕತೆಯಾಗುತ್ತದೆ. ಸಡಿಲ ಹಿಡಿತದ ಇನ್ನೊಂದು ಮುಖವೆಂದರೆ ಫ್ಯೂಮರೇಟ್ ಡೈಆಕ್ಸೈಡಿನ ಜೊತೆ ಮೀಥೇನನ್ನೂ ಒಂದಿಷ್ಟು ಕೂರಿಸಿಕೊಳ್ಳುತ್ತದೆ. ಒತ್ತಡ ಇಳಿಸಿದಾಗ ಆ ಮೀಥೇನ್ ಗಾಳಿಗೆ ಹೋಗುತ್ತದೆ. ಯಜಮಾನರಿಗೆ ಅದು ಹಣ, ವಾತಾವರಣಕ್ಕೆ ಡೈಆಕ್ಸೈಡಿಗಿಂತ ನೂರು ವರ್ಷದ ಲೆಕ್ಕದಲ್ಲಿ ಇಪ್ಪತ್ತೇಳು ಪಟ್ಟಿಗೂ ಮಿಗಿಲಾದ ತಾಪ. ಹೊರಹೋಗುವ ಅನಿಲದ ಮೊದಲ ಭಾಗವನ್ನು ಹಿಡಿದು ಕಂಪ್ರೆಸರಿಗೆ ಹಿಂದಿರುಗಿಸಬೇಕು. ಅದಕ್ಕೆ ಇನ್ನೊಂದು ತೊಟ್ಟಿ, ಇನ್ನೆರಡು ವಾಲ್ವು ಬೇಕು. 40 ಗ್ರಾಂ ಒತ್ತಿದ ಕೈಗಳು 300 ಕಿಲೋ ಒತ್ತಲಾರವು. ಹೈಡ್ರೋಜನ್ ಸಲ್ಫೈಡ್ ಡ್ರಮ್ಮು ದಾಟಿ ಬಂದ ದಿನ ಏನಾಗುತ್ತದೆ ಎಂಬುದನ್ನು ನಾವು ಪರೀಕ್ಷಿಸಿಲ್ಲ.

ಹಾಗಾಗಿ ಯಜಮಾನರಿಗೆ ನಾನು ಕೊಟ್ಟ ಸಲಹೆ ಹಳೆಯ ಮಣಿಯನ್ನೇ ಮುಂದುವರಿಸಿ, ಚಿಲ್ಲರ್ ನೋಡಿಕೊಳ್ಳಿ, ಅಲ್ಯೂಮಿನಾ ಹಾಸನ್ನು ಎರಡು ಗೇಣು ಮಾಡಿ ಎಂಬುದು. ವಿದ್ಯಾರ್ಥಿನಿಗೆ ಬೇಸರವಾಯಿತು. ಆಪರೇಟರ್ ಮಾತ್ರ ಅವಳ ಎರಡು ಕೊಳವೆಗಳನ್ನು ಕಳಚಲು ಬಿಡಲಿಲ್ಲ. ಅವು ಈಗಲೂ ಪೈಪಿನ ಕವಲಿನಲ್ಲಿ ಜೋತಾಡುತ್ತಿವೆ, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ. ಸೋಮವಾರ ಬೆಳಿಗ್ಗೆ ಅವರು ಟವರಿನ ತಳದ ಮಾದರಿ ನಲ್ಲಿಯಿಂದ ನಾಲ್ಕು ಮಣಿ ತೆಗೆದು ಸ್ಟೀಲ್ ತಟ್ಟೆಯಲ್ಲಿಟ್ಟು ನೀರು ಹನಿಸುತ್ತಾರೆ, ತಟ್ಟೆಯ ಅಡಿಗೆ ಬೆರಳಿಟ್ಟು ನೋಡಿ ಹಲಗೆಯ ಮೇಲೆ 'ಬಿಸಿ' ಅಥವಾ 'ತಣ್ಣಗೆ' ಎಂದು ಬರೆಯುತ್ತಾರೆ. ಕಳೆದ ವಾರ ಹೋದಾಗ ಒಂದರ ಕೆಳಗೊಂದರಂತೆ ಹದಿನೇಳು 'ಬಿಸಿ' ಇದ್ದವು.